ಎರಡು ಬೆರಳಿನಗಲ ಆಚೆ

ಬಾಕೊಂಗ್, ನೆಗ್ರೋಸ್

ಪ್ರೀತಿಯ ಮೊಮ್ಮಗಳು ದಿವಿನ್‌ಗೆ,

ನಿನ್ನ ಜೂನ್ ಐದನೆಯ ತಾರೀಖಿನ ಪತ್ರದಲ್ಲಿ ಒಂದು ತಪ್ಪಿದೆ. ಅದನ್ನು ಮೊದಲು ತಿದ್ದಿ, ಅನಂತರ ಉಳಿದ ವಿಷಯಗಳಿಗೆ ಬರುತ್ತೇನೆ.

ಸೆಬು ನಗರದ ಟೆನಿಸ್ ಅಕಾಡೆಮಿಯಲ್ಲಿ ಮೊದಲ ದಿನ ಊಟಕ್ಕೆ ಕುಳಿತಾಗ, ಹುಡುಗಿಯರೆಲ್ಲ ತಾವು ಆಯ್ಕೆಯಾದ ಬಗೆಯನ್ನು ಹೇಳಿಕೊಂಡರೆಂದೂ, ನೀನು ಮೇ ಹತ್ತರ ಪಂದ್ಯವನ್ನು ವರ್ಣಿಸಿ ‘ನನ್ನ ಕೊನೆಯ ಸರ್ವ್ ಗೆರೆಯ ಮೇಲೆಯೇ ಬಿತ್ತು’ ಎಂದೆಯೆಂದೂ ಬರೆದಿದ್ದೀಯೆ. ಅದು ಗೆರೆಯ ಮೇಲೆ ಬೀಳಲಿಲ್ಲ. ಪಕ್ಕದ ಗೆರೆಯಿಂದ ಎರಡು ಬೆರಳಿನಗಲ ಆಚೆ ಬಿತ್ತು. ನೀನೂ ಎದುರಾಳಿಯೂ ಕೈಕುಲುಕಿ, ನೀನು ನಿನ್ನ ಅಮ್ಮನ ಕಡೆಗೆ ಓಡಿದ ಮೇಲೆ, ಅಂಗಳ ನೋಡಿಕೊಳ್ಳುವ ಮನೊಂಗ್ ಸಿಮೋ ಮುಂದಿನ ಪಂದ್ಯಕ್ಕಾಗಿ ಗೋಣಿ ಎಳೆದು ಗುರುತುಗಳನ್ನು ಅಳಿಸಲು ಬರುವಷ್ಟರಲ್ಲಿ ನಾನು ಒಳಗೆ ಹೋಗಿ ಗುರುತನ್ನು ನೋಡಿದೆ. ಆಗಲೇ ನನಗೆ ತಿಳಿದದ್ದು. ನಮ್ಮದು ಚಿಪ್ಪಿನ ಪುಡಿ ಹಾಸಿದ ಅಂಗಳ. ಬಿದ್ದ ಚೆಂಡಿನ ಗುರುತು ಅದರಲ್ಲಿ ಅಚ್ಚೊತ್ತಿದಂತೆ ಉಳಿಯುತ್ತದೆ. ಗುರುತಿಗೂ ಗೆರೆಗೂ ನಡುವೆ ನನ್ನ ತೋರುಬೆರಳು, ನಡುಬೆರಳು ಎರಡೂ ಹಿಡಿದವು.

ಇದರಿಂದ ನಿನ್ನ ಗೆಲುವಿಗೆ ಕುಂದಿಲ್ಲ. ಅಂಪೈರ್ ಇಲ್ಲದ ಕಿರಿಯರ ಪಂದ್ಯದಲ್ಲಿ ಸರ್ವ್ ಹೊರಗೆ ಬಿತ್ತೆಂದು ಹೇಳಬೇಕಾದವಳು ಅದನ್ನು ಎದುರಿಸುವವಳು. ನೈದಾ ತುಮುಲಾಕ್ ಹೇಳಲಿಲ್ಲ; ಚೆಂಡನ್ನು ಹೊಡೆದಳು, ಅದು ನೆಟ್‌ಗೆ ಬಿತ್ತು, ಪಂದ್ಯ ಮುಗಿಯಿತು. ಅವಳು ಹೇಳಿದ್ದರೂ ನೀನು ಸೋಲುತ್ತಿರಲಿಲ್ಲ. ಮೂರನೆಯ ಸೆಟ್‌ನಲ್ಲಿ ಐದು–ನಾಲ್ಕು, ಆಟದಲ್ಲಿ ನಲವತ್ತು–ಮೂವತ್ತು. ಎರಡನೆಯ ಸರ್ವ್ ಕೂಡ ತಪ್ಪಿ ಡಬಲ್ ಫಾಲ್ಟ್ ಎಂದಾಗಿ, ಅಂಕ ಸಮವಾಗಿ ಡ್ಯೂಸ್ ಆಗುತ್ತಿತ್ತು, ಅಷ್ಟೆ. ಅಕಾಡೆಮಿಯಲ್ಲಿ ನಮ್ಮ ಪ್ರಾಂತ್ಯಕ್ಕಿದ್ದ ಒಂದೇ ಜಾಗ ನಿಯಮಪ್ರಕಾರವೇ ನಿನ್ನದಾಗಿದೆ. ಆದರೆ ನಡೆದದ್ದನ್ನು ಹೇಳುವಾಗ ನಡೆದಂತೆಯೇ ಹೇಳಬೇಕು.

ಇನ್ನು ಸರ್ವ್. ಅಲ್ಲಿಯದು ಸಿಮೆಂಟಿನ ಅಂಗಳ. ಚೆಂಡು ಬೇಗ ಬರುತ್ತದೆ, ಆತುರವೂ ಬೇಗ ಬರುತ್ತದೆ. ಮೊದಲ ಸರ್ವ್‌ಗೆ ಮುಕ್ಕಾಲು ಬಲ ಸಾಕು. ಹತ್ತರಲ್ಲಿ ಆರು ಒಳಗೆ ಬೀಳಲಿ. ಗೆರೆಯನ್ನೇ ಗುರಿಯಾಗಿಸಬೇಡ, ಗೆರೆಯಿಂದ ಒಂದು ರಾಕೆಟ್ಟಿನಷ್ಟು ಒಳಗೆ ಹಾಲಿನ ಡಬ್ಬಿಯೊಂದು ನಿಂತಿದೆಯೆಂದು ಭಾವಿಸಿ ಅದಕ್ಕೆ ಹೊಡೆ.

ಒಣಮೀನು ಕಳುಹಿಸಿದ್ದೇನೆ. ವಾಸನೆಗೆ ಯಾರಾದರೂ ಆಕ್ಷೇಪಿಸಿದರೆ ಅವರಿಗೂ ಎರಡು ಕೊಡು.

ನಿನ್ನ ಲೋಲೋ,
ಎಕ್ಸೆಕಿಯೆಲ್ ಬಾಂತಿಲಾನ್
ಜೂನ್ 15, 1997, ಭಾನುವಾರ, ಸಂಜೆ 4 ಗಂಟೆ 20 ನಿಮಿಷ

•

ಸೆಬು
ಜುಲೈ 2, 1997

ಪೂಜ್ಯ ಲೋಲೋ,

ಆಶೀರ್ವಾದ ಬೇಡಿ, ನಿಮ್ಮ ಕೈಯನ್ನು ನನ್ನ ಹಣೆಗೆ ಒತ್ತಿಕೊಂಡೆನೆಂದು ಭಾವಿಸಿ ಬರೆಯುತ್ತಿದ್ದೇನೆ.

ನಿಮ್ಮ ಪತ್ರ ತಲುಪಿದ ದಿನವೇ ಊಟದ ಮನೆಯಲ್ಲಿ ಎದ್ದು ನಿಂತು ತಪ್ಪನ್ನು ತಿದ್ದಿದೆ. ಕೊನೆಯ ಸರ್ವ್ ಒಳಗೆ ಬಿದ್ದಿರಲಿಲ್ಲ, ನಮ್ಮ ಲೋಲೋ ಗುರುತು ನೋಡಿದ್ದಾರೆ ಎಂದೆ. ಕೋಣೆಯಲ್ಲಿ ನನ್ನ ಮೇಲಿನ ಮಂಚದಲ್ಲಿ ಮಲಗುವ ಚೋನಾ ಚಮಚ ಕೆಳಗಿಟ್ಟಳು.

‘ಏನಂದೆ? ಔಟಾ? ಹಂಗಾದ್ರೆ ಆ ಹುಡುಗಿ ಮಂಚದ್ಮೇಲೆ ನೀನು ಮಲಗಿದೀಯ ಅನ್ನು!’

‘ಬಿಡ್ರೇ, ಪಾಪ. ಅವಳ ಮ್ಯಾಚ್ ಇನ್ನೂ ಮುಗಿದೇ ಇಲ್ಲ, ಡ್ಯೂಸಲ್ಲೇ ಇದಾಳೆ’ ಎಂದಳು ಇನ್ನೊಬ್ಬಳು.

ಅಂದಿನಿಂದ ನನ್ನ ಹೆಸರು ಡ್ಯೂಸ್. ‘ಡ್ಯೂಸ್, ಅನ್ನ ಈ ಕಡೆ ತಳ್ಳು.’ ‘ಡ್ಯೂಸ್, ಬಚ್ಚಲಿಗೆ ನಿನ್ನ ಸರದಿ ಕಣೇ, ಎರಡು ಸಲ ಹೋಗ್ಬೇಡ.’ ತಮಾಷೆಗೇ ಹೇಳುತ್ತಾರೆ. ನಾನೂ ನಗುತ್ತೇನೆ.

ಕಳೆದ ವಾರ ಮೊದಲ ಪಂದ್ಯಾವಳಿ ನಡೆಯಿತು. ಎರಡನೆಯ ಸುತ್ತಿನಲ್ಲಿ ಸೋತೆ. ಐವತ್ತೆಂಟು ಮೊದಲ ಸರ್ವ್‌ಗಳಲ್ಲಿ ಇಪ್ಪತ್ತೊಂದು ಒಳಗೆ ಬಿದ್ದವು, ಅರ್ಧಕ್ಕೆ ಹತ್ತಿರ. ಡಬಲ್ ಫಾಲ್ಟ್ ಒಂಬತ್ತು. ಇಲ್ಲಿ ಚೆಂಡಿನ ಗುರುತೇ ಉಳಿಯುವುದಿಲ್ಲ, ಲೋಲೋ. ಹಸಿರು ಬಣ್ಣದ ಸಿಮೆಂಟು. ಬಿದ್ದದ್ದು ಬಿದ್ದಂತೆಯೇ ಅಳಿಸಿಹೋಗುತ್ತದೆ. ಎದುರಿನವಳು ಏನೂ ಹೇಳದಿದ್ದರೆ ಅದು ನಿಜವಾಗಿ ಒಳಗೆ ಬಿತ್ತೋ, ಅವಳು ಸುಮ್ಮನಾದಳೋ ತಿಳಿಯುವುದಿಲ್ಲ.

ಸರ್ವ್‌ಗೆ ಮುಂಚೆ ನಾನು ಚೆಂಡನ್ನು ಬಹಳ ಹೊತ್ತು ಪುಟಿಸುತ್ತೇನಂತೆ. ಕೋಚ್ ದೆಲ್ಫಿನ್ ಬೇಲಿಯಾಚೆಯಿಂದ ಕೂಗಿದರು: ‘ಏನ್ ಹುಡ್ಗಿ, ಸರ್ವ್ ಮಾಡ್ತೀಯೋ, ಜಪಮಾಲೆ ಎಣಿಸ್ತೀಯೋ?’

ಒಣಮೀನನ್ನು ಚೋನಾ ಒಬ್ಬಳೇ ಮುಗಿಸಿದಳು.

ನಿಮ್ಮ ವಿಧೇಯ ಮೊಮ್ಮಗಳು,
ದಿವಿನ್

•

ಬಾಕೊಂಗ್

ಪ್ರೀತಿಯ ದಿವಿನ್,

ಐವತ್ತೆಂಟರಲ್ಲಿ ಇಪ್ಪತ್ತೊಂದು ಅರ್ಧಕ್ಕೆ ಹತ್ತಿರವಲ್ಲ. ಶೇಕಡಾ ಮೂವತ್ತಾರು. ಮೂರರಲ್ಲಿ ಒಂದಕ್ಕಿಂತ ತುಸು ಹೆಚ್ಚು. ಹೀಗೆ ಸಂಖ್ಯೆಯನ್ನು ಸವರಿಬಿಟ್ಟರೆ ಸರ್ವ್ ಸುಧಾರಿಸುವುದಿಲ್ಲ.

ನೀನು ಊಟದ ಮನೆಯಲ್ಲಿ ಎದ್ದು ನಿಂತು ತಿದ್ದಿದ ಸಂಗತಿ ಓದಿ, ಮೂವತ್ತೊಂಬತ್ತು ವರ್ಷ ಪಾಠ ಮಾಡಿದ್ದು ಸಾರ್ಥಕವಾಯಿತೆನಿಸಿತು. ಅಡ್ಡಹೆಸರುಗಳಿಗೆ ಆಯುಸ್ಸು ಕಡಿಮೆ. ಶಾಲೆಯಲ್ಲಿ ನನ್ನನ್ನು ಮಕ್ಕಳು ‘ಕೆಂಪು ಶಾಯಿ’ ಎನ್ನುತ್ತಿದ್ದರು, ನಾನು ಬದುಕಿಲ್ಲವೇ?

ಎರಡನೆಯ ಸರ್ವ್ ಕುರಿತು ಗಮನವಿಟ್ಟು ಓದು. ಮೊದಲನೆಯದು ತಪ್ಪಿದೊಡನೆ ನೀನು ತೋಳನ್ನು ನಿಧಾನಗೊಳಿಸುತ್ತೀಯೆ. ನಿಧಾನಗೊಂಡ ತೋಳಿಗೆ ಚೆಂಡನ್ನು ಮೇಲೆತ್ತುವ ಕಸುವಿರುವುದಿಲ್ಲ. ತೋಳಿನ ವೇಗ ಅಷ್ಟೇ ಇರಲಿ; ಚೆಂಡಿನ ಬೆನ್ನನ್ನು ಕೆಳಗಿನಿಂದ ಮೇಲಕ್ಕೆ ಸವರಿ ಹೊಡೆದರೆ, ಅದು ನೆಟ್‌ನ ಮೇಲೆ ಎತ್ತರವಾಗಿ ದಾಟಿ ತಾನಾಗಿಯೇ ಒಳಗಿಳಿಯುತ್ತದೆ. ಒತ್ತಡದ ಅಂಕಗಳಲ್ಲಿ ಮೂಲೆ ಹುಡುಕಬೇಡ. ಎದುರಾಳಿಯ ಸೊಂಟದ ನೇರಕ್ಕೆ ಕಳುಹಿಸು. ಬದಿಗೆ ಸರಿಯಲೋ ಬೇಡವೋ ಎಂದು ಅವಳು ಯೋಚಿಸುವಷ್ಟರಲ್ಲಿ ಚೆಂಡು ಬಂದಿರುತ್ತದೆ. ನಾಲ್ಕು ಸಲ ಪುಟಿಸು, ಒಮ್ಮೆ ಉಸಿರು ಬಿಡು, ಚೆಂಡನ್ನು ಮೇಲಕ್ಕೆ ಬಿಡು. ದಿನಕ್ಕೆ ನೂರು, ಲೆಕ್ಕವನ್ನು ಬರೆದಿಡು.

ನೈದಾ ಪ್ರತಿ ಶನಿವಾರ ಸಂಬುವಾಂಗಿತಾದಿಂದ ಜೀಪಿನಲ್ಲಿ ಬಂದು, ನಮ್ಮ ಅಂಗಳದ ಕೊನೆಯ ಗೋಡೆಗೆ ಒಬ್ಬಳೇ ಚೆಂಡು ಹೊಡೆದುಕೊಂಡು ಹೋಗುತ್ತಾಳೆ. ನಾನು ಅವಳೊಡನೆ ಮಾತಾಡಿಲ್ಲ.

ನಿನ್ನ ಲೋಲೋ
ಜುಲೈ 13, 1997, ಭಾನುವಾರ, ಬೆಳಿಗ್ಗೆ 9 ಗಂಟೆ 45 ನಿಮಿಷ

•

ಸೆಬು
ಆಗಸ್ಟ್ 24, 1997

ಪೂಜ್ಯ ಲೋಲೋ,

ಏಳು ವಾರ ಬರೆಯಲಿಲ್ಲ, ಕ್ಷಮಿಸಿ. ಬರೆಯಲು ಒಳ್ಳೆಯದು ಏನೂ ಇರಲಿಲ್ಲ.

ದಿನಕ್ಕೆ ನೂರು ಹೊಡೆಯುತ್ತೇನೆ. ಎದುರಿಗೆ ಯಾರೂ ಇಲ್ಲದಾಗ ಅರವತ್ತೆಂಟು, ಎಪ್ಪತ್ತು ಒಳಗೆ ಬೀಳುತ್ತವೆ. ಯಾರಾದರೂ ಎದುರಿಗೆ ನಿಂತರೆ ಕೈಯೇ ಬೇರೆಯಾಗುತ್ತದೆ. ಚೆಂಡನ್ನು ಮೇಲಕ್ಕೆ ಬಿಟ್ಟೊಡನೆ ಅದು ತಪ್ಪಾಯಿತು ಎನ್ನಿಸಿ ಹಿಡಿದುಕೊಂಡುಬಿಡುತ್ತೇನೆ. ಮೊನ್ನೆ ಒಂದೇ ಸರ್ವ್‌ಗೆ ಏಳು ಸಲ ಹಿಡಿದೆ. ಎದುರಾಳಿಯ ತಂದೆ ಬೇಲಿಯಾಚೆ ನಿಂತು, ‘ಏಯ್, ಅದು ಮಾವಿನಹಣ್ಣಲ್ಲಮ್ಮ, ಹೊಡಿ!’ ಎಂದರು. ಎಲ್ಲರೂ ನಕ್ಕರು.

ಆ ಪಂದ್ಯದಲ್ಲಿ ನಡೆದ ಇನ್ನೊಂದನ್ನು ನಿಮಗೆ ಹೇಳಲೇಬೇಕು. ಮೊದಲ ಸೆಟ್ ನಾಲ್ಕು–ನಾಲ್ಕು. ನನ್ನ ಎರಡನೆಯ ಸರ್ವ್ ಪಕ್ಕದ ಗೆರೆಯ ಹತ್ತಿರ ಬಿತ್ತು. ಆ ಹುಡುಗಿ ಹೊಡೆಯಲು ಹೋಗಿ ತಪ್ಪಿಸಿಕೊಂಡಳು, ಅಂಕ ನನ್ನದಾಗಿತ್ತು. ನಾನು ಕೈಯೆತ್ತಿ ‘ಔಟ್’ ಎಂದೆ. ಅವಳು ಬಾಯಿ ತೆರೆದುಕೊಂಡು ನೋಡಿದಳು. ‘ಒಳಗಿತ್ತಲ್ಲೇ!’ ಎಂದಳು. ‘ಇಲ್ಲ, ಹೊರಗೆ’ ಎಂದೆ. ಆಮೇಲೆ ಇನ್ನೂ ಎರಡು ಸಲ ಹಾಗೆಯೇ ಹೇಳಿದೆ. ಪಂದ್ಯ ಮುಗಿಯುವಾಗ ಡಬಲ್ ಫಾಲ್ಟ್ ಹದಿನೇಳು. ಅವುಗಳಲ್ಲಿ ಮೂರು ನಾನೇ ಹೇಳಿದವು.

ಕೋಚ್ ದೆಲ್ಫಿನ್ ನನ್ನನ್ನು ಬೆಂಚಿನ ಮೇಲೆ ಕೂರಿಸಿದರು. ಅವರಿಗೆ ಕೋಪ ಬಂದಾಗ ದನಿ ಸಣ್ಣದಾಗುತ್ತದೆ.

‘ಹುಡ್ಗಿ, ನಿನ್ ಸರ್ವ್ ಔಟು ಅಂತ ಹೇಳೋದು ಯಾರ ಕೆಲ್ಸ?’

‘ಎದುರಿನವಳದು, ಸರ್.’

‘ಮತ್ತೆ ನೀನ್ಯಾಕೆ ಹೇಳ್ದೆ? ನಿಂಗೆ ಅಲ್ಲಿಂದ ಕಾಣ್ಸುತ್ತಾ?’

‘ಕಾಣಲ್ಲ ಸರ್. ಆದ್ರೆ ಹೊರಗೆ ಬಿದ್ದಿರ್ಬಹುದು ಅನ್ಸುತ್ತೆ.’

‘ಅನ್ಸುತ್ತೆ ಅಂತ ಅಂಕ ದಾನ ಮಾಡ್ತಾರಾ? ಇದೇನು ಚರ್ಚಾ?’

ಲೋಲೋ, ನಿಮ್ಮಲ್ಲಿ ಒಂದೇ ಪ್ರಶ್ನೆ. ಎರಡು ಬೆರಳಿನಗಲ ಎಂದಿರಲ್ಲ, ಅದು ನಿಮ್ಮ ಬೆರಳೋ, ನನ್ನ ಬೆರಳೋ? ಸಂಜೆ ಎಲ್ಲರೂ ಹೋದ ಮೇಲೆ ಗೆರೆಯ ಪಕ್ಕದಲ್ಲಿ ನನ್ನ ಬೆರಳಿಟ್ಟು ನೋಡುತ್ತೇನೆ. ನನ್ನವು ಸಣ್ಣವು.

ದಿವಿನ್

•

ಬಾಕೊಂಗ್

ಪ್ರೀತಿಯ ದಿವಿನ್,

ಈ ಪತ್ರವನ್ನು ಮೂರು ಸಲ ಬರೆದು ಹರಿದಿದ್ದೇನೆ. ನನಗೆ ಅಭ್ಯಾಸವಿಲ್ಲದ ಕೆಲಸವಿದು.

ಜೂನ್ ಹದಿನೈದರ ನನ್ನ ಪತ್ರದಲ್ಲಿ ತಪ್ಪಾಗಿದೆ. ನಾನು ನೋಡಿದ ಗುರುತು ನಿನ್ನ ಕೊನೆಯ ಸರ್ವ್‌ನದಲ್ಲ. ಆ ಅಂಕದ ಮೊದಲ ಸರ್ವ್ ಹೊರಗೆ ಬಿದ್ದಿತ್ತಲ್ಲ, ಅದರ ಗುರುತನ್ನೇ ಎರಡನೆಯದೆಂದು ಎಣಿಸಿಬಿಟ್ಟೆ. ವಯಸ್ಸಾಯಿತು, ಕಣ್ಣೂ ಮೊದಲಿನಂತಿಲ್ಲ. ಕಳೆದ ತಿಂಗಳು ಔಷಧಿ ಅಂಗಡಿಯಾತ ‘ಮಾಸ್ತರರೇ, ಕನ್ನಡಕ ಬದಲಾಯಿಸಿ, ಇಲ್ದಿದ್ರೆ ನನ್ ಹೆಂಡ್ತೀನ ನೀವು ನಿಮ್ ತಂಗಿ ಅಂತೀರಿ’ ಎಂದು ನಗೆಯಾಡಿದ. ಅವನ ಮಾತು ನಿಜವಿರಬೇಕು.

ನಿನ್ನ ಕೊನೆಯ ಸರ್ವ್ ಗೆರೆಯ ಮೇಲೆಯೇ ಬಿದ್ದಿತ್ತು. ನೀನು ಮೊದಲು ಬರೆದದ್ದೇ ಸರಿ. ಆ ಹುಡುಗಿಯರಿಗೂ ಹಾಗೆಯೇ ಹೇಳು. ಬೆರಳುಗಳ ಮಾತನ್ನು ಮರೆತುಬಿಡು.

ನಾಲ್ಕು ಸಲ ಪುಟಿಸು. ಉಸಿರು ಬಿಡು. ಚೆಂಡು ಕೈಬಿಟ್ಟ ಮೇಲೆ ಅದು ನಿನ್ನದಲ್ಲ, ಹೊಡೆ.

ನಿನ್ನ ಲೋಲೋ
ಸೆಪ್ಟೆಂಬರ್ 7, 1997, ಭಾನುವಾರ, ಮಧ್ಯಾಹ್ನ 1 ಗಂಟೆ 30 ನಿಮಿಷ

•

ಸೆಬು
ಸೆಪ್ಟೆಂಬರ್ 21, 1997

ಪೂಜ್ಯ ಲೋಲೋ,

ಆ ಅಂಕದ ಮೊದಲ ಸರ್ವ್ ನೆಟ್‌ಗೆ ಬಡಿದು ನನ್ನ ಕಡೆಗೇ ಬಿದ್ದಿತ್ತು. ನಾನೇ ಹೋಗಿ ಚೆಂಡನ್ನು ಹೆಕ್ಕಿ ಬೇಲಿಯ ಬದಿಗೆ ಎಸೆದೆ. ನೈದಾಳ ಕಡೆಯ ಅಂಗಳದಲ್ಲಿ ಅದರ ಗುರುತು ಇರಲು ಸಾಧ್ಯವಿಲ್ಲ.

ನೀವು ಆ ದಿನ ಪ್ರತಿ ಸರ್ವ್ ಅನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಿರಿ. ಬೇಕಿದ್ದರೆ ತೆಗೆದು ನೋಡಿ. ನೀವು ಈಗಾಗಲೇ ನೋಡಿದ್ದೀರಿ ಎಂದು ನನಗೆ ಗೊತ್ತು.

ಏಳು ವರ್ಷದವಳಿದ್ದಾಗಿನಿಂದ ನಿಮ್ಮ ಜೊತೆಗಿದ್ದೇನೆ. ನೀವು ಸುಳ್ಳು ಹೇಳಿದ್ದನ್ನು ಇದುವರೆಗೆ ಕಂಡಿರಲಿಲ್ಲ. ನನಗಾಗಿ ಹೇಳಿದಿರಿ. ಚೋನಾ ಬಂದು ಕೇಳುವಷ್ಟು ಹೊತ್ತು ಪತ್ರವನ್ನು ಹಿಡಿದುಕೊಂಡು ಅಳುತ್ತಿದ್ದೆ. ‘ಮನೇಲಿ ಯಾರಾದ್ರೂ ತೀರ್‍ಕೊಂಡ್ರಾ?’ ಎಂದು ಕೇಳಿದಳು. ಅವಳು ಕೆಟ್ಟವಳಲ್ಲ.

ಅಕ್ಟೋಬರ್ ಇಪ್ಪತ್ತೈದಕ್ಕೆ ನನ್ನ ಪರೀಕ್ಷೆ ಇಟ್ಟಿದ್ದಾರೆ. ಒಂದೇ ದಿನ ಮೂರು ಪಂದ್ಯ; ಒಂದನ್ನಾದರೂ ಗೆದ್ದರೆ ಇಲ್ಲಿ ಉಳಿಯಬಹುದು. ಇಲ್ಲವಾದರೆ ಜಾಗ ಬಿಡಬೇಕು. ಕೋಚ್ ದೆಲ್ಫಿನ್ ತಾವೇ ಹೇಳಿದರು. ‘ಒಂದೇ ಒಂದು ಗೆಲ್ಲು ಮಗು, ಮಿಕ್ಕಿದ್ದನ್ನ ನಾನು ನೋಡ್ಕೋತೀನಿ’ ಎಂದರು. ಹಾಗೆ ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ಅಲ್ಲಿಯವರೆಗೆ ನನಗೆ ಏನೂ ಬರೆಯಬೇಡಿ, ಲೋಲೋ. ಸರ್ವ್ ಬಗ್ಗೆಯೂ ಬೇಡ, ಆ ದಿನದ ಬಗ್ಗೆಯೂ ಬೇಡ. ದಯವಿಟ್ಟು.

ದಿವಿನ್

•

ಮಂದಾವೆ
ನವೆಂಬರ್ 2, 1997

ಪೂಜ್ಯ ಲೋಲೋ,

ಇಂದು ಸತ್ತವರ ಹಬ್ಬ. ನೀವು ಲೋಲಾ ಅಜ್ಜಿಯ ಸಮಾಧಿಗೆ ಹೂವಿಟ್ಟು ಬಂದಿರುತ್ತೀರಿ. ಈ ವರ್ಷ ಮೇಣದಬತ್ತಿ ಹಿಡಿಯಲು ನಾನು ಇರಲಿಲ್ಲ.

ಮೇಲಿನ ಊರಿನ ಹೆಸರು ನೋಡಿದಿರಲ್ಲ, ಅಮ್ಮನ ಹತ್ತಿರ ಬಂದಿದ್ದೇನೆ. ಅವಳು ಕೆಲಸ ಮಾಡುವ ಬೇಕರಿಯ ಹಿಂದಿನ ಕೋಣೆಯಲ್ಲಿ ಇಬ್ಬರೂ ಇದ್ದೇವೆ.

ಮೊದಲ ಪಂದ್ಯ ಸೊನ್ನೆ–ಆರು, ಒಂದು–ಆರು. ಎರಡನೆಯದು ಒಂದು–ಆರು, ಸೊನ್ನೆ–ಆರು. ಮೂರನೆಯದಕ್ಕೆ ಹನ್ನೆರಡು ವರ್ಷದ ಹುಡುಗಿಯನ್ನು ಇಟ್ಟಿದ್ದರು. ನಾನು ಗೆಲ್ಲಲಿ ಎಂದೇ ಇಟ್ಟಿದ್ದರೆಂದು ಕಾಣುತ್ತದೆ. ಅವಳ ಸರ್ವ್ ಆಟಗಳನ್ನೆಲ್ಲ ನಾನು ಗೆದ್ದೆ, ನನ್ನವನ್ನೆಲ್ಲ ಸೋತೆ. ಐದು–ಐದು ಆಯಿತು. ಮತ್ತೆ ನನ್ನ ಸರ್ವ್ ಬಂತು. ನಾಲ್ಕು ಸಲ ಪುಟಿಸಿದೆ, ಉಸಿರು ಬಿಟ್ಟೆ, ಎಡಗೈ ಎತ್ತಿದೆ. ಬೆರಳುಗಳು ಬಿಚ್ಚಲಿಲ್ಲ. ಚೆಂಡು ಕೈಯಲ್ಲೇ ಇತ್ತು. ಮತ್ತೆ ಎತ್ತಿದೆ, ಮತ್ತೆ ಬಿಚ್ಚಲಿಲ್ಲ. ಎಷ್ಟು ಸಲ ಎಂದು ಎಣಿಸಲಿಲ್ಲ. ಯಾರೂ ನಗಲಿಲ್ಲ, ಚೋನಾ ಕೂಡ.

‘ಅಕ್ಕಾ, ಹೊಡೀರಿ’ ಎಂದಳು ಆ ಹುಡುಗಿ. ಸ್ವಲ್ಪ ಹೊತ್ತು ಬಿಟ್ಟು, ‘ಅಕ್ಕಾ, ಮೆಲ್ಲಗೆ ಹೊಡೆದ್ರೂ ಪರ್ವಾಗಿಲ್ಲ’ ಎಂದಳು.

ನಾನು ನೆಟ್‌ನ ಹತ್ತಿರ ನಡೆದು ಹೋಗಿ ಚೆಂಡನ್ನು ಅವಳ ಕೈಗೆ ಕೊಟ್ಟೆ.

ಹೊರಡುವ ಮುಂಚೆ ಕೋಚ್ ದೆಲ್ಫಿನ್ ಅವರನ್ನು ಒಂದು ಮಾತು ಕೇಳಿದೆ. ‘ಸರ್, ನನ್ ಜಾಗ ನೈದಾಗೆ ಕೊಡ್ತೀರಾ?’

ಅವರು ಪಟ್ಟಿ ತೆಗೆದು ನೋಡಿದರು. ‘ಅವಳಿಗೆ ಆಗಸ್ಟಲ್ಲೇ ಹದಿನೈದು ತುಂಬ್ತಲ್ಲ ಮಗು. ವಯಸ್ಸು ದಾಟೋಯ್ತು.’

ಊಟದ ಮನೆಯಲ್ಲಿ ಎದ್ದು ನಿಂತು ತಿದ್ದಿದ ದಿನವೇ ನಾನು ಜಾಗ ಬಿಟ್ಟಿದ್ದರೆ ಅವಳಿಗೆ ಸಿಗುತ್ತಿತ್ತು. ಆಗ ಜೂನ್ ಇನ್ನೂ ಮುಗಿದಿರಲಿಲ್ಲ. ಈಗ ಅದು ಯಾರದೂ ಅಲ್ಲ.

ಸೋಮವಾರದಿಂದ ಇಲ್ಲಿಯ ಶಾಲೆಗೆ ಹೋಗುತ್ತೇನೆ. ಅಮ್ಮ ದಿನವೂ ಕೇಳುತ್ತಾಳೆ: ‘ಅಷ್ಟು ಚೆನ್ನಾಗಿ ಆಡ್ತಿದ್ದೋಳಿಗೆ ಏನಾಯ್ತೇ?’ ನಾನು ಬ್ರೆಡ್ಡಿನ ತಟ್ಟೆಗಳನ್ನು ಒರೆಸಲು ಎದ್ದು ಹೋಗುತ್ತೇನೆ. ರಾಕೆಟ್ಟನ್ನು ಅಕಾಡೆಮಿಯಲ್ಲೇ ಬಿಟ್ಟು ಬಂದೆ.

ದಿವಿನ್

•

ಬಾಕೊಂಗ್

ಪ್ರೀತಿಯ ದಿವಿನ್,

ಬರೆಯಬೇಡಿ ಎಂದೆ, ಬರೆಯಲಿಲ್ಲ. ಅಕ್ಟೋಬರ್ ಹನ್ನೊಂದರಂದು ನನಗೆ ತಿಳಿದುಬಂದದ್ದನ್ನು ಅಂದೇ ಬರೆದಿದ್ದರೆ ನಿನ್ನ ಕೈ ಬಿಚ್ಚುತ್ತಿತ್ತೋ ಏನೋ, ಹೇಳಲಾರೆ.

ಅಂದು ಶನಿವಾರ. ನೈದಾ ಗೋಡೆಗೆ ಹೊಡೆಯುತ್ತಿದ್ದಳು. ಐದು ತಿಂಗಳ ಬಳಿಕ ಮೊದಲ ಸಲ ಅವಳನ್ನು ಮಾತಾಡಿಸಿದೆ. ‘ಸರ್’ ಎಂದು ರಾಕೆಟ್ಟನ್ನು ಬೆನ್ನ ಹಿಂದೆ ಹಿಡಿದು ನೆಟ್ಟಗೆ ನಿಂತಳು, ತರಗತಿಯಲ್ಲಿ ನಿಂತಂತೆ.

‘ಆ ದಿನದ ಕೊನೆ ಸರ್ವ್ ಎಲ್ಲಿ ಬಿತ್ತು ಅಂತ ನೀನು ನೋಡಿದ್ಯಾ, ನೈದಾ?’

‘ನೋಡ್ದೆ, ಸರ್. ಹೊರಗೆ.’

‘ಮತ್ತೆ ಹೇಳ್ಲಿಲ್ಲ ಯಾಕೆ?’

‘ಹೇಳೋಣ ಅಂತ ಕೈ ಎತ್ತೋಳಿದ್ದೆ, ಸರ್. ನೀವು ಬೇಲಿ ಹತ್ರ, ಆ ಗೆರೆ ನೇರಕ್ಕೇ ನಿಂತಿದ್ರಿ. ನಿಮ್ ಮುಖ ನೋಡ್ದೆ. ಪಾದ್ರಿಗಳು ಪ್ರಸಂಗದಲ್ಲಿ ತಪ್ಪು ಹೇಳಿದ್ರೂ ಎದ್ದು ತಿದ್ದೋರು ನೀವು. ನೀವೇ ಸುಮ್ನೆ ನಿಂತಿದ್ರಿ. ಹಂಗಾದ್ರೆ ನನ್ ಕಣ್ಣೇ ತಪ್ಪು ಅಂದ್ಕೊಂಡು ಕೈ ಇಳಿಸ್ದೆ.’ ಆಮೇಲೆ ತಾನೇ ನನ್ನನ್ನು ಸಮಾಧಾನಪಡಿಸುವವಳಂತೆ, ‘ಪರ್ವಾಗಿಲ್ಲ, ಸರ್. ನೀವು ನೋಡಿರ್ಲಿಲ್ವೇನೋ’ ಎಂದಳು.

ನಾನು ನೋಡಿದ್ದೆ.

ಪಂದ್ಯ ಮುಗಿದ ಮೇಲೆ ಗುರುತಿನಿಂದ ತಿಳಿದೆನೆಂದು ನಿನಗೆ ಬರೆದದ್ದು ಸುಳ್ಳು. ನೀನು ಹಿಡಿದ ಸುಳ್ಳು ಎರಡನೆಯದು, ಇದು ಮೊದಲನೆಯದು. ಚೆಂಡು ನೆಲ ಮುಟ್ಟಿದ ಕ್ಷಣದಲ್ಲೇ ನನಗೆ ಕಂಡಿತ್ತು. ಒಳಗೆ ಹೋಗಿ ಬೆರಳಿಟ್ಟು ಅಳೆದದ್ದು, ನನ್ನ ಕಣ್ಣು ಒಮ್ಮೆಯಾದರೂ ತಪ್ಪಾಗಿರಲಿ ಎಂಬ ಆಸೆಯಿಂದ.

ನೋಡುವವರು ಬಾಯಿ ತೆರೆಯಬಾರದೆಂಬ ನಿಯಮವಿದೆ. ತಿಂಗಳುಗಟ್ಟಲೆ ಆ ನಿಯಮದ ಹಿಂದೆ ನಿಂತೆ. ಆದರೆ ಗೆರೆಯಾಚೆ ಬಿದ್ದದ್ದು ನೈದಾಳ ಸರ್ವ್ ಆಗಿ, ಅತ್ತ ನಿಂತವಳು ನೀನಾಗಿದ್ದರೆ, ನಿಯಮ ನನ್ನನ್ನು ತಡೆಯುತ್ತಿರಲಿಲ್ಲ. ಬೇಲಿ ಹಿಡಿದು ಕೂಗುತ್ತಿದ್ದೆ. ಆದರೆ ಅಂದು ನೀನು ಎರಡೂ ಕೈ ಎತ್ತಿ ಅಮ್ಮನ ಕಡೆಗೆ ಓಡುತ್ತಿದ್ದೆ. ನಾನು ಸುಮ್ಮನಾದೆ.

ಸುಮ್ಮನಾದವನು ಕೊನೆಯವರೆಗೆ ಸುಮ್ಮನಿರಬೇಕಾಗಿತ್ತು. ಮೂವತ್ತಾರು ದಿನ ಅದನ್ನು ಎದೆಯಲ್ಲಿಟ್ಟುಕೊಂಡೆ. ಅದಕ್ಕಿಂತ ಹೆಚ್ಚು ನನ್ನಿಂದಾಗಲಿಲ್ಲ. ಅಷ್ಟರಲ್ಲಿ ನಿನ್ನ ಪತ್ರದಲ್ಲಿ ‘ಗೆರೆಯ ಮೇಲೆಯೇ ಬಿತ್ತು’ ಎಂಬ ಆ ವಾಕ್ಯ ಸಿಕ್ಕಿತು. ತಿದ್ದುವುದೆಂಬ ಹೆಸರಿನಲ್ಲಿ ನನ್ನ ಹೊರೆಯನ್ನು ಹದಿನಾಲ್ಕು ವರ್ಷದ ನಿನ್ನ ಹೆಗಲಿಗೆ ದಾಟಿಸಿದೆ. ಅಂಚೆಗೆ ಹಾಕಿ ಬಂದ ದಿನ ನನಗೆ ಹಗುರವಾಗಿತ್ತು, ಊಟ ರುಚಿಸಿತ್ತು. ಅದರ ಮೇಲೆ ನಿನ್ನ ಕೈಗೆ ಬಲ ಬರಲೆಂದು ಚೆಂಡು ಎಷ್ಟು ಸಲ ಪುಟಿಸಬೇಕು, ತೋಳು ಎಷ್ಟು ಬೇಗ ತಿರುಗಬೇಕು ಎಂದು ಪುಟಗಟ್ಟಲೆ ಬರೆದೆ.

ನವೆಂಬರ್ ಎಂಟರ ಶನಿವಾರ ಇದಿಷ್ಟನ್ನೂ ನೈದಾಳಿಗೆ ಹೇಳಿದೆ. ಅವಳು ಕೇಳಿಸಿಕೊಂಡಳು, ‘ಸರ್’ ಎನ್ನಲಿಲ್ಲ. ಚೆಂಡುಗಳನ್ನು ಚೀಲಕ್ಕೆ ತುಂಬಿಕೊಂಡು ಜೀಪು ಹತ್ತಿದಳು. ನಿನ್ನೆ ಬರಲಿಲ್ಲ.

ನೀನು ಉತ್ತರ ಬರೆಯಬೇಕಾಗಿಲ್ಲ. ಈ ಪತ್ರವನ್ನು ನಿನ್ನ ಅಮ್ಮನಿಗೆ ಪೂರ್ತಿಯಾಗಿ ಓದಿ ಹೇಳು. ‘ಏನಾಯ್ತೇ?’ ಎಂದು ಅವಳು ಇನ್ನು ನಿನ್ನನ್ನು ಕೇಳಬಾರದು. ನನ್ನನ್ನು ಕೇಳಲಿ.

ಎಕ್ಸೆಕಿಯೆಲ್ ಬಾಂತಿಲಾನ್
ನವೆಂಬರ್ 16, 1997, ಭಾನುವಾರ, ಮಧ್ಯಾಹ್ನ 3 ಗಂಟೆ 5 ನಿಮಿಷ